ಪೋಸ್ಟರ್ ಹಾಕೋ ಮುಂಚೆ ಕಲ್ಲು ಓದೋಣ

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಒಂದು ಪೋಸ್ಟರ್ ಅಂಟಿಸಿದ್ರು, ನೆನಪಿದೆಯಾ? ಕ್ಯಾಂಟೀನ್ ಮೆಟ್ಟಿಲ ಪಕ್ಕ. ಹಳದಿ, ಕೆಂಪು ಬಣ್ಣ, ನಡುವೆ ಒಂದು ಆನೆ, ಆನೆ ಮೇಲೆ ಕತ್ತಿ ಎತ್ತಿದ ವೀರ, ಕೆಳಗೆ ದಪ್ಪ ಅಕ್ಷರದಲ್ಲಿ: "949, ಕನ್ನಡಿಗರ ಮುಂದೆ ಚೋಳರು ಮಣ್ಣು ಮುಕ್ಕಿದ ವರ್ಷ". ಎರಡೇ ದಿನಕ್ಕೆ ಇನ್‌ಸ್ಟಾದಲ್ಲಿ ಸಂಘದ ಪೇಜಿಗೆ ಅಲ್ಲಿವರೆಗೂ ಬರದಷ್ಟು ಲೈಕ್ ಬಂದಿತ್ತು.

ಅದನ್ನ ಮಾಡಿದವರು ನಾವೇ. ಈ ಲೇಖನ ಆ ಪೋಸ್ಟರ್ ಬಗ್ಗೆ.

ನಾವು ಅಂದ್ರೆ ನಾಲ್ಕು ಜನ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ತಾಲ್ಲೂಕಿಗೆ ಒಬ್ಬೊಬ್ಬರು. ಫಸ್ಟ್ ಇಯರ್‌ನಲ್ಲಿ ಒಂದೇ ಸೆಕ್ಷನ್‌ನಲ್ಲಿ ಸಿಕ್ಕಿ, "ಓ, ನೀನೂ ಆ ಕಡೆಯವನಾ" ಅಂತ ಗುಂಪಾದ್ವಿ. ನಾಲ್ಕೂ ಜನ ಓದಿದ್ದು ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ, ಬಸ್ಸಲ್ಲಿ ಕನ್ನಡ, ಜಗಳ ಕನ್ನಡ, ಆದ್ರೆ ಓದೋದಕ್ಕೆ ಕೂತ್ರೆ ಒತ್ತಕ್ಷರ ಸಿಕ್ಕಾಗೆಲ್ಲ ಹಂಪ್ ಹತ್ತಿದ ಹಾಗೆ ನಿಧಾನ ಆಗ್ತೀವಿ. ಈ ಲೇಖನವನ್ನೂ ನಾಲ್ಕು ಜನ ಸೇರಿ, ಬಯ್ದಾಡಿಕೊಂಡು, ಮೂರು ಸಲ ತಿದ್ದಿ ಬರೆದಿದ್ದೀವಿ. ತಪ್ಪಿದ್ರೆ ಹೇಳಿ.

ಪೋಸ್ಟರ್ ಹುಟ್ಟಿದ್ದು ಅವಮಾನದಿಂದ. ಅದಕ್ಕೂ ಎರಡು ವಾರ ಮುಂಚೆ ಬೇರೆ ಕಾಲೇಜಿನ ಕ್ವಿಜ್‌ಗೆ ಹೋಗಿದ್ವಿ. ಇತಿಹಾಸದ ರೌಂಡ್. "955ರಲ್ಲಿ ಜರ್ಮನ್ನರ ರಾಜ ಒಟ್ಟೊ ಮಗ್ಯಾರರನ್ನ ಸೋಲಿಸಿದ ಯುದ್ಧ ಯಾವುದು?" ಪ್ರಶ್ನೆ ಮುಗಿಯೋ ಮುಂಚೆ ನಮ್ಮ ಕನಕಪುರದವನು ಬಜರ್ ಒತ್ತಿದ್ದ: ಲೆಕ್‌ಫೆಲ್ಡ್. ಯೂಟ್ಯೂಬಲ್ಲಿ ಬಾಣದ ಗುರುತು ಓಡಾಡೋ ಮ್ಯಾಪ್ ವಿಡಿಯೋಗಳನ್ನ ಅವನು ಊಟದ ಜೊತೆ ನೋಡ್ತಾನೆ. ಮುಂದಿನ ಪ್ರಶ್ನೆ: "ಅದಕ್ಕೂ ಆರು ವರ್ಷ ಮುಂಚೆ, 949ರಲ್ಲಿ, ಕರ್ನಾಟಕದ ರಾಜರು ಗೆದ್ದ ಒಂದು ದೊಡ್ಡ ಯುದ್ಧದ ವಿಷಯ ಹೇಳೋ ಕಲ್ಲು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಿಕ್ಕಿತು. ಯಾವ ಹಳ್ಳಿ, ಯಾವ ಯುದ್ಧ?" ನಾವು ಮುಖ ಮುಖ ನೋಡಿಕೊಂಡ್ವಿ. ಮದ್ದೂರು ನಮ್ಮ ಚನ್ನಪಟ್ಟಣಕ್ಕೆ ಪಕ್ಕದ ತಾಲ್ಲೂಕು. ವಡೆ ಬಿಟ್ಟು ಮದ್ದೂರಿನ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. ಉತ್ತರ: ಆತಕೂರು, ತಕ್ಕೋಲಂ ಯುದ್ಧ.

ಆ ರಾತ್ರಿನೇ ಹಾಸ್ಟೆಲಿನಲ್ಲಿ ಕೂತು ಎರಡು ರೀಲ್, ಮೂರು ಫಾರ್ವರ್ಡ್ ನೋಡಿ ಪೋಸ್ಟರ್ ಮಾಡಿದ್ವಿ. ಕಲ್ಲಿನಲ್ಲಿ ಏನು ಬರೆದಿದೆ ಅಂತ ಒಂದು ಸಾಲೂ ಓದಿರಲಿಲ್ಲ.

ಮೂರನೇ ದಿನ ನಮ್ಮ ಕ್ಲಾಸಿನ ಒಬ್ಬಳು ಪೋಸ್ಟರ್ ಮುಂದೆ ನಿಂತಿದ್ದಳು. ಅವಳ ಮನೆಮಾತು ತಮಿಳು. ಹುಟ್ಟಿ ಬೆಳೆದದ್ದು ಬೆಂಗಳೂರು. ಹತ್ತನೇ ಕ್ಲಾಸಲ್ಲಿ ಕನ್ನಡಕ್ಕೆ ನಮ್ಮೆಲ್ಲರಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದವಳು. ಸಂಘದ ನಾಟಕದಲ್ಲಿ ನಮ್ಮ ಡೈಲಾಗ್ ತಿದ್ದಿಕೊಟ್ಟವಳೂ ಅವಳೇ. ಮೊದಲು "ತಕ್ಕೋಲಂ ಸ್ಪೆಲ್ಲಿಂಗ್ ತಪ್ಪಿದೆ ಕಣ್ರೋ" ಅಂದಳು. ಆಮೇಲೆ, ನಗುತ್ತಲೇ, "ರಾಜ್ಯೋತ್ಸವದ ದಿನ ಗ್ರೂಪ್ ಫೋಟೋಗೆ ನಾನು ಈ ಪೋಸ್ಟರ್‌ನಲ್ಲಿ ಯಾವ ಕಡೆ ನಿಲ್ಲಬೇಕು?" ಅಂತ ಕೇಳಿದಳು.

ನಮ್ಮ ಹತ್ರ ಉತ್ತರ ಇರಲಿಲ್ಲ. ಆ ವರ್ಷ ಅವಳು ಫೋಟೋಗೆ ಬರಲೂ ಇಲ್ಲ.

ಆಮೇಲೆ ನಾವು ಓದೋಕೆ ಶುರು ಮಾಡಿದ್ವಿ. ತಡವಾಗಿ, ಆದ್ರೆ ನಿಜವಾಗಿ. ಓದಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ನಮ್ಮ ಪೋಸ್ಟರ್ ಕೆಟ್ಟದ್ದು ಮಾತ್ರ ಅಲ್ಲ, ಸುಳ್ಳು. ನಾವು ಯಾವ ಕಲ್ಲಿನ ಹೆಸರಲ್ಲಿ ಅದನ್ನ ಹಾಕಿದ್ವೋ, ಆ ಕಲ್ಲೇ ಅದನ್ನ ಒಪ್ಪಲ್ಲ.

ಮೊದಲು ಯುದ್ಧದ ಕಥೆ. ಮಾನ್ಯಖೇಟ, ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ದೊರೆ ಮೂರನೇ ಕೃಷ್ಣ. ನಮ್ಮ ಕನ್ನಡ ಪಾಠದಲ್ಲಿ ಬರೋ ಕವಿ ಪೊನ್ನನಿಗೆ ಆಶ್ರಯ ಕೊಟ್ಟವನು ಇವನೇ. ಎದುರಿಗೆ ತಂಜಾವೂರಿನ ಚೋಳ ದೊರೆ ಪರಾಂತಕ, ಯುದ್ಧಕ್ಕೆ ಬಂದದ್ದು ಅವನ ಹಿರಿಮಗ ರಾಜಾದಿತ್ಯ. ಕೃಷ್ಣನ ಪರವಾಗಿ ತಲಕಾಡಿನ ಗಂಗರ ರಾಜ ಇಮ್ಮಡಿ ಬೂತುಗ. ಎರಡೂ ಸೈನ್ಯ ಎದುರಾದದ್ದು ತಕ್ಕೋಲಂನಲ್ಲಿ. ಅದು ಈಗ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿ, ಅರಕ್ಕೋಣಂ ಹತ್ತಿರ ಇದೆ. ರಾಜಾದಿತ್ಯ ಆನೆಯ ಮೇಲೇ ಸತ್ತ. ಚೋಳರ ಸೈನ್ಯ ಸೋತಿತು. ಕೃಷ್ಣ ಕಂಚಿಯನ್ನೂ ತಂಜಾವೂರನ್ನೂ ಗೆದ್ದವನು ಅನ್ನೋ ಬಿರುದು ಹಾಕಿಕೊಂಡ. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸಿಕ್ಕಿದವು. ಆಗ ನಾಡುಗಳ ಹೆಸರಿನ ಜೊತೆಗೆ ಹೀಗೆ ಒಂದು ಸಂಖ್ಯೆ ಸೇರಿಸಿ ಹೇಳೋದು ರೂಢಿ.

ಇಷ್ಟು ಸಾಕಿತ್ತು ನಮ್ಮ ಪೋಸ್ಟರ್‌ಗೆ. ಆದ್ರೆ ಕಲ್ಲು ಇಲ್ಲಿಗೆ ಮುಗಿಯಲ್ಲ. ಕಲ್ಲು ನಿಲ್ಲಿಸಿದ್ದು ಈ ಗೆಲುವಿಗೂ ಅಲ್ಲ.

ಆತಕೂರಿನ ಕಲ್ಲಿನ ಫೋಟೋವನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಮೊದಲು ಕಾಣಿಸೋದು ರಾಜನೂ ಅಲ್ಲ, ಆನೆಯೂ ಅಲ್ಲ. ಒಂದು ನಾಯಿ, ಒಂದು ಹಂದಿ. ಒಂದರ ಮೇಲೊಂದು ಬಿದ್ದು ಕಾದಾಡ್ತಿವೆ.

ಕಥೆ ಹೀಗೆ. ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ಯೋಧ. ತಕ್ಕೋಲಂನಲ್ಲಿ ಚೆನ್ನಾಗಿ ಕಾದಾಡಿದ. ರಾಜ ಮೆಚ್ಚಿ "ಏನು ಬೇಕೋ ಕೇಳು" ಅಂದ. ಮಣಲೆರ ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ರಾಜನ ಹತ್ತಿರ ಇದ್ದ ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಕೊಟ್ಟರು. ಆಮೇಲೆ ಬೆಳತೂರಿನ ಬೆಟ್ಟದ ಕಡೆ ಆ ನಾಯಿಯನ್ನ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಅದಕ್ಕೆ ಜಮೀನೂ ಬಿಟ್ಟ. ಶಕವರ್ಷ 872, ಸೌಮ್ಯ ಸಂವತ್ಸರ.

ದಕ್ಷಿಣ ಭಾರತದ ನಕ್ಷೆ ಬದಲಾಯಿಸಿದ ಯುದ್ಧದ ಬಗ್ಗೆ ನಮಗೆ ಸಿಗೋ ಮುಖ್ಯ ಕನ್ನಡ ದಾಖಲೆ ಒಂದು ನಾಯಿಯ ವೀರಗಲ್ಲು! ಈ ನಾಯಿ ಎಲ್ಲಿಂದ ಬಂತು ಅಂತ ಹೇಳೋಕೆ ಮಣಲೆರ ಯುದ್ಧದ ಮಾತು ತೆಗೆದ. ನಾವು ನಾಯಿಯನ್ನ ಅಳಿಸಿ ಹಾಕಿ ಆನೆ ಮಾತ್ರ ಉಳಿಸಿಕೊಂಡ್ವಿ.

ಇನ್ನೊಂದು ವಿಷಯ. ಅದೇ ಕಲ್ಲಿನಲ್ಲೇ, ಬೂತುಗ ರಾಚಮಲ್ಲನನ್ನ ಕೊಂದು ಗಂಗರ ನಾಡು ಹಿಡಿದ ಅಂತಲೂ ಇದೆ. ರಾಚಮಲ್ಲ ಯಾರು? ಬೂತುಗನ ಒಡಹುಟ್ಟಿದವನು. ಬೂತುಗನ ಹೆಂಡತಿ ರೇವಕನಿಮ್ಮಡಿ ಯಾರು? ಕೃಷ್ಣನ ಸಹೋದರಿ. ಅಂದ್ರೆ ಬೂತುಗ ಕೃಷ್ಣನಿಗೆ ಭಾವ ಆಗಬೇಕು. ಭಾವನಿಗೆ ಪಟ್ಟ ಕೊಡಿಸಿದ ಋಣ, ತಕ್ಕೋಲಂನಲ್ಲಿ ತೀರಿತು. ಇನ್ನೂ ತಮಾಷೆ ಅಂದ್ರೆ, ಗಂಗರ ಮನೆತನದ್ದೇ ಇನ್ನೊಂದು ಶಾಖೆಯ ಇಮ್ಮಡಿ ಪೃಥ್ವೀಪತಿ ಇದಕ್ಕೂ ಮುಂಚೆ ಚೋಳ ಪರಾಂತಕನ ಆಪ್ತನಾಗಿ ಅವನಿಂದಲೇ ಬಾಣರ ನಾಡು ಪಡೆದಿದ್ದ. ಈಗ ಹೇಳಿ, ಇದರಲ್ಲಿ "ಕನ್ನಡಿಗರು" ಯಾವ ಕಡೆ, "ತಮಿಳರು" ಯಾವ ಕಡೆ? ಇದು ಭಾವ, ಅಣ್ಣತಮ್ಮ, ಆಸ್ತಿ, ಪಟ್ಟದ ಜಗಳ. ನಮ್ಮ ಹಳ್ಳಿಗಳಲ್ಲಿ ಜಮೀನು ಕೇಸ್ ನೋಡಿದವರಿಗೆ ಬೇಗ ಅರ್ಥ ಆಗುತ್ತೆ.

ಲೆಕ್‌ಫೆಲ್ಡ್ ಕೂಡ ಹಾಗೇನೇ. ವಿಡಿಯೋದಲ್ಲಿ ಒಂದು ಕಡೆ ನೀಲಿ ಜರ್ಮನ್ನರು, ಇನ್ನೊಂದು ಕಡೆ ಕೆಂಪು ಮಗ್ಯಾರರು. ಓದಿದರೆ ಒಟ್ಟೊನ ಸೈನ್ಯದಲ್ಲಿ ಇದ್ದವರು ಬವೇರಿಯಾದವರು, ಸ್ವಾಬಿಯಾದವರು, ಫ್ರಾಂಕರು. ಹಿಂದೆ ಸಾಮಾನು ಸರಂಜಾಮು ಕಾಯ್ತಿದ್ದವರು ಬೊಹೆಮಿಯಾದವರು, ಅವರು ಜರ್ಮನ್ನರೇ ಅಲ್ಲ, ಈಗಿನ ಚೆಕ್ ಜನರ ಹಿಂದಿನವರು. ಮಗ್ಯಾರರ ಕುದುರೆ ಸವಾರರು ಸುತ್ತು ಹಾಕಿ ಬಂದು ಈ ಹಿಂದಿನ ಸಾಲಿನ ಮೇಲೇ ಬಿದ್ದರು. ಆಗ ಪರಿಸ್ಥಿತಿ ಉಳಿಸಿದ್ದು ಕಾನ್ರಾಡ್. ಇವನು ಒಟ್ಟೊನ ಅಳಿಯ. ಎರಡು ವರ್ಷ ಮುಂಚೆ ಮಾವನ ಮೇಲೇ ದಂಗೆ ಎದ್ದಿದ್ದವನು! ಆಗಸ್ಟ್ ತಿಂಗಳ ಸೆಕೆಗೆ ಕವಚ ಸಡಿಲ ಮಾಡಿಕೊಂಡಾಗ ಗಂಟಲಿಗೆ ಬಾಣ ಬಿದ್ದು ಸತ್ತ ಅಂತ ಆ ಕಾಲದ ಸನ್ಯಾಸಿ ವಿಡುಕಿಂಡ್ ಬರೆದಿದ್ದಾನೆ. ಅಲ್ಲಿ ಅಳಿಯ, ಇಲ್ಲಿ ಭಾವ. ನೀಲಿ ಕೆಂಪು ಬಣ್ಣ ಆಮೇಲೆ ನಾವು ಹಚ್ಚಿದ್ದು.

ಒಂದು ವಿಷಯದಲ್ಲಿ ಮಾತ್ರ ತಕ್ಕೋಲಂ ಲೆಕ್‌ಫೆಲ್ಡ್‌ಗಿಂತ ಮುಂದೆ ಇದೆ, ಇದು ನಮಗೆ ನಿಜಕ್ಕೂ ಹೆಮ್ಮೆ. ಲೆಕ್‌ಫೆಲ್ಡ್ ಬಗ್ಗೆ ಆ ಕಾಲದಲ್ಲಿ ಬರೆದಿಟ್ಟವರು ಗೆದ್ದ ಕಡೆಯವರು. ಮಗ್ಯಾರರು ತಮ್ಮ ಕಡೆಯ ಮಾತನ್ನ ಆಗ ಬರೆದಿಡಲಿಲ್ಲ. ಅವರ ನಾಯಕರಾದ ಬುಲ್ಚು, ಲೇಲ್ ಇಬ್ಬರನ್ನೂ ರೆಗೆನ್ಸ್‌ಬರ್ಗ್‌ನಲ್ಲಿ ನೇಣು ಹಾಕಿದರು. ಶತಮಾನಗಳ ಆಮೇಲೆ ಹಂಗೇರಿಯಲ್ಲಿ ಒಂದು ದಂತಕಥೆ ಹುಟ್ಟಿತು: ಸಾಯೋ ಮುಂಚೆ ಕೊನೇ ಸಲ ಕೊಂಬು ಊದ್ತೀನಿ ಅಂತ ಲೇಲ್ ಕೇಳಿಕೊಂಡನಂತೆ, ಕೊಟ್ಟ ಕೊಂಬಲ್ಲೇ ಎದುರಿನ ರಾಜನ ತಲೆಗೆ ಹೊಡೆದನಂತೆ. ಸೋತವರಿಗೆ ಉಳಿದದ್ದು ಈ ಕಥೆ.

ತಕ್ಕೋಲಂಗೆ ಎರಡೂ ಕಡೆಯ ದಾಖಲೆ ಇದೆ. ಕನ್ನಡದಲ್ಲಿ ಆತಕೂರು. ಆ ಕಡೆ ಚೋಳರ ತಾಮ್ರಪಟ, ಈಗ ಹಾಲೆಂಡಿನ ಲೈಡನ್ ಊರಿನ ಹೆಸರಲ್ಲೇ ಕರೆಯೋ ಶಾಸನ. ಅದರಲ್ಲಿ ರಾಜಾದಿತ್ಯ ಆನೆಯ ಮೇಲೆ ಬಾಣ ತಗಲಿ ವೀರಸ್ವರ್ಗ ಸೇರಿದ ಅಂತ ಹೊಗಳಿದ್ದಾರೆ. ತಮಿಳು ಶಾಸನಗಳಲ್ಲಿ ಅವನನ್ನ "ಆನೆಯ ಮೇಲೆ ತೀರಿಕೊಂಡ ದೇವರು" ಅಂತ ನೆನೆಯುತ್ತಾರೆ. ರಾಜಾದಿತ್ಯನ ಜೊತೆ ಇದ್ದ ಕೇರಳದ ಒಬ್ಬ ಗೆಳೆಯನ ಶಾಸನ ಚೆನ್ನೈನ ತಿರುವೊಟ್ಟಿಯೂರಿನಲ್ಲಿದೆ. ಒಡೆಯನ ಜೊತೆ ಸಾಯೋಕೆ ಆಗಲಿಲ್ಲವಲ್ಲ ಅನ್ನೋ ನೋವಿನಲ್ಲಿ ಅವನು ಸನ್ಯಾಸಿಯಾಗಿ ಚತುರಾನನ ಪಂಡಿತ ಅಂತ ಹೆಸರಾದ. ಇದನ್ನ ಓದಿದ ದಿನ ನಮ್ಮ ಪೋಸ್ಟರ್‌ನ "ಮಣ್ಣು ಮುಕ್ಕಿದ" ಅನ್ನೋ ಮಾತು ನೆನಪಾಗಿ ನಾಚಿಕೆ ಆಯ್ತು. ಗೆದ್ದ ಮಣಲೆರ ನಾಯಿಗೆ ಅತ್ತ, ಸೋತ ಗೆಳೆಯ ರಾಜಕುಮಾರನಿಗೆ ಅತ್ತ. ಲೈಕ್‌ಗೋಸ್ಕರ ಕುಣಿದವರು ಸಾವಿರ ವರ್ಷ ಆದಮೇಲೆ ಹುಟ್ಟಿದ ನಾವು.

ಭಾಷೆ ಬರದೇ ಇತಿಹಾಸ ಮಾತಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಇದೇ ಕಲ್ಲು ಸಾಕ್ಷಿ. ಬೂತುಗ ರಾಜಾದಿತ್ಯನನ್ನ ಹೇಗೆ ಕೊಂದ ಅಂತ ಹೇಳೋ ಜಾಗದಲ್ಲಿ "ಬಿಸುಗೆ" ಅಂತ ಒಂದು ಹಳಗನ್ನಡ ಪದ ಬರುತ್ತೆ. ಶುರುವಿನಲ್ಲಿ ಇದನ್ನ ಓದಿದಾಗ ಆ ಭಾಗದ ಅರ್ಥ ತಪ್ಪಾಗಿ, ಬೂತುಗ ಮೋಸದಿಂದ ಚೂರಿ ಹಾಕಿದ ಅಂತ ಆಗಿಬಿಟ್ಟಿತ್ತು. ಆಮೇಲೆ ವಿದ್ವಾಂಸರೇ ತಿದ್ದಿದರು. ಬಿಸುಗೆ ಅಂದ್ರೆ ಆನೆಯ ಮೇಲಿನ ಅಂಬಾರಿ. ಬೂತುಗ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಹೋರಾಡಿದ ಅಂತ ಅರ್ಥ. ಆನೆಯ ಮೇಲೇ ಸತ್ತ ಅನ್ನೋ ಚೋಳರ ಮಾತಿಗೂ ಇದು ಸರಿ ಹೊಂದುತ್ತೆ. ಒಂದು ಪದ ಗೊತ್ತಿಲ್ಲದಿದ್ರೆ ವೀರ ಮೋಸಗಾರ ಆಗ್ತಾನೆ. ಇಷ್ಟು ದೊಡ್ಡವರಿಗೇ ಹೀಗಾದ್ರೆ, ಒತ್ತಕ್ಷರಕ್ಕೆ ತಡವರಿಸೋ ನಾವು ಯಾವ ಧೈರ್ಯದ ಮೇಲೆ ಒಂದೇ ರಾತ್ರೀಲಿ ಪೋಸ್ಟರ್ ಮಾಡಿದ್ವಿ?

ಇನ್ನು ಗೆಲುವಿನ ಲೆಕ್ಕ. ಲೆಕ್‌ಫೆಲ್ಡ್ ಗೆದ್ದ ಒಟ್ಟೊ 962ರಲ್ಲಿ ರೋಮಿನಲ್ಲಿ ಚಕ್ರವರ್ತಿ ಆದ. ಸೋತ ಮಗ್ಯಾರರು ಪಶ್ಚಿಮಕ್ಕೆ ದಾಳಿ ಹೋಗೋದು ಬಿಟ್ಟು ಒಂದು ಕಡೆ ನೆಲೆ ನಿಂತರು, ಅದೇ ಇವತ್ತಿನ ಹಂಗೇರಿ. ನಮ್ಮ ಕಡೆ ಉಲ್ಟಾ ಆಯ್ತು. ತಕ್ಕೋಲಂ ಗೆದ್ದ ಕೃಷ್ಣ 967ರಲ್ಲಿ ತೀರಿಕೊಂಡ. 973ಕ್ಕೆ ಚಾಲುಕ್ಯ ತೈಲಪನ ಕೈಯಲ್ಲಿ ರಾಷ್ಟ್ರಕೂಟರ ರಾಜ್ಯವೇ ಮುಗಿಯಿತು. ಗೆದ್ದು 24 ವರ್ಷಕ್ಕೆ! ಸೋತ ಚೋಳರು ಸುಧಾರಿಸಿಕೊಂಡರು. 985ರಲ್ಲಿ ರಾಜರಾಜ ಪಟ್ಟಕ್ಕೆ ಬಂದ. ಸುಮಾರು 1004ರ ಹೊತ್ತಿಗೆ ಗಂಗರ ತಲಕಾಡು ಚೋಳರ ಕೈಗೆ ಹೋಗಿ ರಾಜರಾಜಪುರ ಆಯ್ತು. ಗಂಗರ ನಾಡು ಮುಡಿಗೊಂಡಚೋಳ ಮಂಡಲ ಆಯ್ತು. 949ನ್ನ ಗೆಲುವು ಅಂತ ಪೋಸ್ಟರ್ ಮಾಡಿದ್ರೆ 1004ಕ್ಕೆ ಯಾವ ಪೋಸ್ಟರ್ ಮಾಡೋಣ?

ಅದರಲ್ಲಿ ನಮ್ಮ ನಾಲ್ಕು ತಾಲ್ಲೂಕೂ ಸೇರಿದ್ವು. ಚನ್ನಪಟ್ಟಣ ತಾಲ್ಲೂಕಿನ ಮಂಕುಂದ ಏಳನೇ ಶತಮಾನದಲ್ಲಿ ಗಂಗರ ರಾಜರು ಇರ್ತಿದ್ದ ಜಾಗ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಅದೇ ತಾಲ್ಲೂಕಿನ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ದೇವಸ್ಥಾನವನ್ನ ಚೋಳರ ಕಾಲದ್ದು ಅಂತ ಊರಿನವರೇ ಹೇಳ್ತಾರೆ. ಹೈವೇ ಪಕ್ಕದಲ್ಲೇ ಇದೆ, ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಕಟ್ಟೋಕೆ ಜನ ಬರ್ತಾರಲ್ಲ, ಅದೇ. ನಮ್ಮ ಚನ್ನಪಟ್ಟಣದವಳ ನಾಮಕರಣಕ್ಕೆ ಮುಂಚೆ ಅವರಮ್ಮನೂ ಅಲ್ಲಿ ಹರಕೆ ಹೊತ್ತಿದ್ದರಂತೆ. ಮಳೂರು ಸುತ್ತಮುತ್ತ ಸಿಕ್ಕಿರೋ ಆ ಕಾಲದ ಶಾಸನಗಳಲ್ಲಿ ಎಷ್ಟೋ ತಮಿಳಿನಲ್ಲಿವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ, 1905ರದ್ದು, ನಮ್ಮ ನಾಲ್ಕು ತಾಲ್ಲೂಕಿನ ಶಾಸನಗಳು ಅದರಲ್ಲೇ ಇರೋದು. ಆಗ ಇವೆಲ್ಲ ಬೆಂಗಳೂರು ಜಿಲ್ಲೆ, ರಾಮನಗರದ ಹೆಸರು ಕ್ಲೋಸ್‌ಪೇಟೆ, ಕನಕಪುರದ್ದು ಕಾನಕಾನಹಳ್ಳಿ. ಪುಟ ತಿರುಗಿಸ್ತಾ ಹೋದ್ರೆ ಕನ್ನಡ ಲಿಪಿ ಬರುತ್ತೆ, ಮುಂದೆ ತಮಿಳು ಬರುತ್ತೆ.

ಅಂದ್ರೆ ಏನಾಯ್ತು? ನಮ್ಮ ಊರಿನ ಚರಿತ್ರೆ ನಾವು ಪೂರ್ತಿ ಓದಬೇಕಾದ್ರೆ, ಪೋಸ್ಟರ್ ಮುಂದೆ ನಿಂತು "ನಾನು ಯಾವ ಕಡೆ" ಅಂತ ಕೇಳಿದವಳೇ ನಮ್ಮ ಜೊತೆ ಬೇಕು. ಅವಳಿಲ್ಲದೆ ಅರ್ಧ ಕಲ್ಲು ನಮಗೆ ಬರೀ ಕಲ್ಲು.

ನಮ್ಮ ಸೀನಿಯರ್ ಒಬ್ಬರ ಹತ್ರ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. "ಲೋ, ಅವರು ಅವರ ರಾಜರ ಮೇಲೆ ನೂರಾರು ಕೋಟಿಯ ಸಿನಿಮಾ ಮಾಡ್ತಾರೆ. ನಾವು ಒಂದು ಪೋಸ್ಟರ್ ಹಾಕಿದ್ರೆ ನಿಮಗೆ ನಾಚಿಕೆ. ಹೀಗೆ ಸಂಕೋಚ ಪಟ್ಟೇ ನಾವು ಹಿಂದೆ ಬಿದ್ದಿದ್ದು" ಅಂದ್ರು. ಈ ಮಾತನ್ನ ನಾವು ತಳ್ಳಿಹಾಕಲ್ಲ. ಒಟ್ಟೊ ಗೊತ್ತಿದ್ದು ಬೂತುಗ ಗೊತ್ತಿಲ್ಲದೇ ಇರೋದು ನಿಜವಾದ ಸಮಸ್ಯೆ, ಅದು ನಮ್ಮದೇ ಸಮಸ್ಯೆ. ನಮ್ಮ ಸ್ಕೂಲ್ ಟ್ರಿಪ್ಪನ್ನೇ ತಗೊಳ್ಳಿ. ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಿದ್ರು, ಇಂಜಿನ್ ನೋಡಿ ಬಂದ್ವಿ. ಪಕ್ಕದಲ್ಲೇ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ, 1865ರಲ್ಲಿ ಶುರುವಾದದ್ದು. ಆತಕೂರಿನ ಕಲ್ಲನ್ನ ಇಟ್ಟಿರೋದು ಅದರಲ್ಲಿ. ಅದರ ಕಾಂಪೌಂಡಿಗೆ ಒರಗಿಕೊಂಡು ಐಸ್‌ಕ್ರೀಂ ತಿಂದು ಬಸ್ ಹತ್ತಿದ್ವಿ. ಒಳಗೆ ಹೋಗಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆದ್ದರಿಂದ ಹೆಮ್ಮೆ ಬೇಡ ಅಂತ ನಾವು ಹೇಳ್ತಿಲ್ಲ. ಯಾವುದರ ಬಗ್ಗೆ ಹೆಮ್ಮೆ ಅಂತ ಕೇಳ್ತಿದ್ದೀವಿ. ಒಬ್ಬ ಸಾಮಾನ್ಯ ಯೋಧನ ಆಸೆ, ಒಂದು ನಾಯಿಯ ಹೆಸರು, ಎದುರಾಳಿ ರಾಜಕುಮಾರನ ಹೆಸರು, ಎಲ್ಲವನ್ನೂ ಒಂದೇ ಕಲ್ಲಿನಲ್ಲಿ, ಜನ ಆಡೋ ಕನ್ನಡಕ್ಕೆ ಹತ್ತಿರವಾದ ಭಾಷೆಯಲ್ಲಿ ಬರೆದಿಟ್ಟರಲ್ಲ, ಅದು ನಮಗೆ ದೊಡ್ಡದಾಗಿ ಕಾಣುತ್ತೆ. ಕೊಂದದ್ದು ಹಳೇ ಸುದ್ದಿ, ಎಲ್ಲಾ ರಾಜರೂ ಕೊಂದಿದ್ದಾರೆ.

ಇನ್ನೊಂದು ಮಾತು ಹೇಳಲೇಬೇಕು. ಹೆಮ್ಮೆ ಪಡೋ ನಾವು ಕಲ್ಲುಗಳನ್ನ ಹೇಗೆ ಇಟ್ಟುಕೊಂಡಿದ್ದೀವಿ? ನಮ್ಮ ಮಾಗಡಿಯವನ ಅಜ್ಜಿ ಊರಲ್ಲಿ ಕೆರೆ ಏರಿ ಪಕ್ಕ ಒಂದು ವೀರಗಲ್ಲು ಇತ್ತು. ಕತ್ತಿ ಹಿಡಿದವನು ಕೆಳಗೆ, ಅವನನ್ನ ಕರೆದುಕೊಂಡು ಹೋಗೋ ಅಪ್ಸರೆಯರು ನಡುವೆ, ಮೇಲೆ ಲಿಂಗ. ಹಬ್ಬದ ದಿನ ಅಜ್ಜಿ ಅದಕ್ಕೂ ಒಂದು ಊದುಬತ್ತಿ ಹಚ್ಚುತ್ತಿದ್ದರು. ಯಾರು, ಏನು ಅಂತ ಕೇಳಿದ್ರೆ "ಯಾರೋ ಊರಿಗೋಸ್ಕರ ಸತ್ತವನು ಕಣಪ್ಪ" ಅಂತಿದ್ದರು. ಅಷ್ಟು ಸಾಕಾಗಿತ್ತು. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನ ಎತ್ತಿ ಪಕ್ಕಕ್ಕೆ ಹಾಕಿತು. ಈಗ ಚರಂಡಿ ಮೇಲೆ ಮುಖ ಅಡಿ ಮಾಡಿ ಮಲಗಿದೆ, ಜನ ಅದರ ಮೇಲೆ ಕಾಲಿಟ್ಟು ದಾಟುತ್ತಾರೆ. ಯಾರನ್ನ ಬಯ್ಯೋದು? ರಸ್ತೆ ಬೇಕು ಅಂತ ಅರ್ಜಿ ಕೊಟ್ಟವರಲ್ಲಿ ನಮ್ಮ ಮನೆಯವರೂ ಇದ್ದರು. ಆ ದಿನ ಅಲ್ಲಿದ್ದ ಯಾರಿಗೂ ಅದರಲ್ಲಿ ಅಕ್ಷರ ಇದೆಯೋ ಇಲ್ಲವೋ ಅಂತ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ಇದಕ್ಕೆ ಉಲ್ಟಾ ನಡೆದಿದೆ. ಸುಮಾರು 750ನೇ ಇಸವಿಯ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯ ಅನ್ನೋ ವೀರನ ಕಲ್ಲು ಚರಂಡಿ ಪಕ್ಕ ಸಿಕ್ಕಾಗ, ಅದನ್ನ ಗುರುತಿಸಿದವರು ಇದ್ದರು, ಊರಿನವರು ಸೇರಿ ಮಂಟಪ ಕಟ್ಟಿದರು. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಉಳಿಸ್ತಿದ್ದಾರೆ. ಆ ಕೆಲಸದ ಮುಂದಾಳು ಕೂಡ ಇಂಜಿನಿಯರೇ. ಹಾಗಾದ್ರೆ ಇದು ನಮ್ಮ ಸಿಲೆಬಸ್ ಹೊರಗಿನ ಕೆಲಸ ಅಂತ ನೆಪ ಹೇಳೋಕೆ ಆಗಲ್ಲ.

ನಮ್ಮ ಸಲಹೆ ಜಾಸ್ತಿ ಇಲ್ಲ. ಒಂದು, ರಜೆಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಲ್ಲು ಹುಡುಕಿ, ಫೋಟೋ ಮತ್ತು ಲೊಕೇಶನ್ ಕಳಿಸಿ. ಹಗಲಲ್ಲಿ ಸವೆದ ಅಕ್ಷರ ಕಾಣಲ್ಲ. ಸಂಜೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕದಿಂದ, ಓರೆಯಾಗಿ ಹಿಡಿದರೆ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ. ನಾವು ಮಾಡಿ ನೋಡಿದ್ದೀವಿ, ಮೊದಲನೇ ಸಲ ಒಂದು "ಶ್ರೀ" ಕಾಣಿಸಿದಾಗ ನಾಲ್ಕೂ ಜನ ಕಿರುಚಿಬಿಟ್ಟಿದ್ವಿ. ಸುತ್ತಲೂ ಒಂದರ ಮೇಲೊಂದು ಬರೋ ಹಾಗೆ ಐವತ್ತು ಅರವತ್ತು ಫೋಟೋ ತೆಗೆದರೆ ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲೇ ತ್ರೀಡಿ ಮಾಡೆಲ್ ಮಾಡಬಹುದು. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಪೇಂಟ್ ಹಚ್ಚಬೇಡಿ.

ಎರಡು, ಕಲ್ಲು ಅಪಾಯದಲ್ಲಿದ್ರೆ ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಅರ್ಜಿ ಕೊಡೋಣ. ಮಾಗಡಿಯ ಆ ಕಲ್ಲಿನ ಅರ್ಜಿ ನಾವು ಬರೆದಿದ್ದೀವಿ. ಕನ್ನಡದಲ್ಲೇ ಬರೆದಿದ್ದೀವಿ. "ವಿಷಯ", "ಉಲ್ಲೇಖ" ಎಲ್ಲಿ ಹಾಕಬೇಕು ಅಂತ ಅಪ್ಪನ ಹತ್ರ ಕೇಳಿ.

ಮೂರು, ಸಂಘದಲ್ಲಿ ತಿಂಗಳಿಗೆ ಎರಡು ಶನಿವಾರ ಹಳೇ ಲಿಪಿ ಓದೋ ಕ್ಲಾಸ್ ಶುರು ಮಾಡೋಣ. ಕಲಿಸೋಕೆ ಬರ್ತೀವಿ ಅಂದವರು ಒಬ್ಬರು ಸಿಕ್ಕಿದ್ದಾರೆ. ಕನ್ನಡ ಲಿಪಿ ಜೊತೆ ತಮಿಳು ಲಿಪಿಯೂ ಇರಬೇಕು ಅಂತ ನಾವು ಕೇಳಿಕೊಂಡಿದ್ದೀವಿ. ಕನ್ನಡ ಸಂಘದಲ್ಲಿ ತಮಿಳು ಯಾಕೆ ಅಂತ ಕೇಳೋರು ಮಳೂರಿನ ಕಲ್ಲುಗಳನ್ನ ಒಂದು ಸಲ ನೋಡಿ ಬಂದು ಆಮೇಲೆ ಕೇಳಲಿ.

ಈ ವರ್ಷದ ಪೋಸ್ಟರ್ ಡ್ರಾಫ್ಟ್ ರೆಡಿ ಇದೆ. ಆನೆ ಇಲ್ಲ, ಕತ್ತಿ ಇಲ್ಲ. ಆತಕೂರಿನ ನಾಯಿ, ಹಂದಿ, ಕೆಳಗೆ ಆ ಕಲ್ಲಿನಲ್ಲಿ ಬರೋ ಮೂರು ಹೆಸರು: ರಾಜಾದಿತ್ಯ, ಮಣಲೆರ, ಕಾಳಿ. ಲೈಕ್ ಕಡಿಮೆ ಬರಬಹುದು. ಅಕ್ಷರ ತಪ್ಪಿದೆಯಾ ನೋಡು ಅಂತ ಹೋದ ವಾರ ಅವಳಿಗೇ ಕೊಟ್ಟೆವು. ಒಂದು ಕಡೆ ತಿದ್ದಿ, "ಫೋಟೋ ಎಷ್ಟು ಗಂಟೆಗೆ?" ಅಂತ ಕೇಳಿದಳು.